ಡಿಲನ್ ಮೇಲೆ ಮುನಿದವರು

1966ರ ಮೇ 17ರ ಸಂಜೆ, ಇಂಗ್ಲೆಂಡಿನ ಮ್ಯಾಂಚೆಸ್ಟರ್ ನಗರದ ಫ್ರೀ ಟ್ರೇಡ್ ಹಾಲ್. ಕಾರ್ಯಕ್ರಮದ ಮೊದಲರ್ಧದಲ್ಲಿ ಬಾಬ್ ಡಿಲನ್ ಒಬ್ಬರೇ ನಿಂತು ಮರದ ಗಿಟಾರು, ಮೌತ್ ಆರ್ಗನ್ ಹಿಡಿದು ಹಾಡಿದರು. ಜನ ಉಸಿರು ಬಿಗಿಹಿಡಿದು ಕೇಳಿದರು. ವಿರಾಮದ ಬಳಿಕ ಅವರೇ ಎಲೆಕ್ಟ್ರಿಕ್ ಗಿಟಾರು ಹೆಗಲಿಗೇರಿಸಿ, ಐವರು ವಾದ್ಯಗಾರರ ಜೊತೆ ಬಂದರು. ಡ್ರಮ್ಮಿನ ಅಬ್ಬರ ಶುರುವಾದದ್ದೇ ಸಭೆ ಕೆರಳಿತು. ಹಾಡುಗಳ ನಡುವೆ ಹಲವರು ಒಟ್ಟಾಗಿ ನಿಧಾನಕ್ಕೆ ಚಪ್ಪಾಳೆ ತಟ್ಟತೊಡಗಿದರು. ಅದು ‘ಸಾಕು, ನಿಲ್ಲಿಸು’ ಎನ್ನುವ ಚಪ್ಪಾಳೆ. ಕೊನೆಯ ಹಾಡಿಗೆ ಮುನ್ನ ಯಾರೋ ಕೂಗಿದರು: ‘ಜೂಡಸ್!’

ಕನ್ನಡ ಬೈಬಲ್ಲಿನಲ್ಲಿ ಈತ ಇಸ್ಕರಿಯೋತ ಯೂದ, ಮೂವತ್ತು ಬೆಳ್ಳಿ ನಾಣ್ಯಕ್ಕೆ ಗುರುವನ್ನೇ ಹಿಡಿದುಕೊಟ್ಟ ಶಿಷ್ಯ. ಇಪ್ಪತ್ತೈದು ತುಂಬಲು ಇನ್ನೂ ಒಂದು ವಾರವಿದ್ದ ಹುಡುಗನಿಗೆ ಎಂಥ ಬೈಗುಳ! ನಿನ್ನ ಮಾತು ನಂಬುವುದಿಲ್ಲ, ನೀನು ಸುಳ್ಳುಗಾರ ಎಂದ ಡಿಲನ್, ‘ಲೈಕ್ ಎ ರೋಲಿಂಗ್ ಸ್ಟೋನ್’ ಎತ್ತಿಕೊಂಡರು.

ಈ ಸಿಟ್ಟಿನ ಬೇರು ಅಮೆರಿಕದ ಜನಪದ ಹಾಡಿನ ಚಳವಳಿಯಲ್ಲಿದೆ. ಅಲ್ಲಿ ಹಾಡು ಎಲ್ಲರ ಸೊತ್ತು. ಕಾರ್ಮಿಕರ ಹೋರಾಟದಲ್ಲೂ ಕರಿಯರ ಹಕ್ಕಿನ ಮೆರವಣಿಗೆಯಲ್ಲೂ ಅದು ಜೊತೆಗೆ ನಡೆಯುತ್ತಿತ್ತು. 1963ರ ಆಗಸ್ಟ್‌ನಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಮಾತನಾಡಿದ ವಾಷಿಂಗ್ಟನ್ ಸಮಾವೇಶದಲ್ಲಿ ಡಿಲನ್ ಕೂಡ ಹಾಡಿದ್ದರು. ಕೇಳುಗರಿಗೆ ಅವರು ಬರೀ ಹಾಡುಗಾರರಾಗಿ ಉಳಿದಿರಲಿಲ್ಲ, ತಮ್ಮದೇ ಬಾಯಿಯಾಗಿದ್ದರು. ಇನ್ನು ರಾಕ್ ಸಂಗೀತವೋ, ಈ ಬಳಗದ ಕಣ್ಣಿಗೆ ಹರೆಯದವರ ಜೇಬಿಗೆ ಕೈಹಾಕುವ ಪೇಟೆಯ ಸರಕು.

ಹಾಗಿರುವಾಗ 1965ರ ಜುಲೈ 25ರಂದು, ನ್ಯೂಪೋರ್ಟ್ ಜನಪದ ಉತ್ಸವದಲ್ಲಿ ಡಿಲನ್ ಬ್ಯಾಂಡ್ ಕಟ್ಟಿಕೊಂಡು ವೇದಿಕೆ ಹತ್ತಿದರು. ತಾಲೀಮು ಸಾಲದು. ಮೂರೇ ಹಾಡಿಗೆ ಇಳಿದುಹೋದರು. ಮೆಚ್ಚುಗೆಯ ಜೊತೆಗೇ ‘ಬೂ’ ಎಂಬ ಕೂಗೂ ಎದ್ದಿತು. ಕೂಗು ಗಿಟಾರಿಗೋ, ಕೆಟ್ಟ ಧ್ವನಿವ್ಯವಸ್ಥೆಗೋ, ಹಾಡು ಬೇಗ ಮುಗಿದದ್ದಕ್ಕೋ ಎಂಬ ವಾದ ಇಂದಿಗೂ ಮುಗಿದಿಲ್ಲ. ಕೊಡಲಿಯಿದ್ದರೆ ಮೈಕಿನ ತಂತಿ ಕಡಿಯುತ್ತಿದ್ದೆ ಎಂದ ಹಿರಿಯ ಗಾಯಕ ಪೀಟ್ ಸೀಗರ್ ಅವರನ್ನು ಹಟಮಾರಿ ಎಂದು ಚಿತ್ರಿಸುವವರೇ ಹೆಚ್ಚು. ಅದು ಅನ್ಯಾಯ. ಮಾತು ಕೇಳಿಸುತ್ತಿಲ್ಲ ಎಂಬುದೇ ತಮ್ಮ ಸಂಕಟವಾಗಿತ್ತು ಎಂದು ಸೀಗರ್ ಮುಂದೆ ಹೇಳಿದರು. ಡಿಲನ್ ಹಾಡಿನಲ್ಲಿ ಮಾತೇ ಕೇಳಿಸದಿದ್ದರೆ ಕೇಳುಗನಿಗೆ ಉಳಿಯುವುದೇನು?

ಈ ಮುನಿಸಿನ ಪೆಟ್ಟು ಮುಂದಿನ ಪ್ರವಾಸದ ಬ್ಯಾಂಡಿನವರಿಗೂ ಬಿತ್ತು. ಊರೂರಲ್ಲೂ ಬೈಗುಳ ಕೇಳಿ ಬೇಸತ್ತ ಡ್ರಮ್ಮರ್ ಲೆವಾನ್ ಹೆಲ್ಮ್ 1965ರ ಕೊನೆಯಲ್ಲಿ ತಂಡ ಬಿಟ್ಟು, ಮೆಕ್ಸಿಕೊ ಕೊಲ್ಲಿಯ ತೈಲಬಾವಿಯ ಅಟ್ಟಣೆಯಲ್ಲಿ ಕೂಲಿಗೆ ಸೇರಿದರು.

ಮ್ಯಾಂಚೆಸ್ಟರಿನಲ್ಲಿ ಟಿಕೆಟ್ ಕೊಂಡವರಿಗೆ ಈ ಬದಲಾವಣೆ ಹೊಸ ಸುದ್ದಿಯೇನಾಗಿರಲಿಲ್ಲ. ‘ಲೈಕ್ ಎ ರೋಲಿಂಗ್ ಸ್ಟೋನ್’ ಹಿಂದಿನ ವರ್ಷವೇ ಬ್ರಿಟನ್ನಿನ ಪಟ್ಟಿಯಲ್ಲಿ ನಾಲ್ಕನೇ ಸ್ಥಾನಕ್ಕೇರಿತ್ತು. ಆದರೂ ಬಂದರು, ಬೈದರು. ಪ್ರೀತಿ ಇಲ್ಲದವರು ಇಷ್ಟು ಕಷ್ಟಪಡುವುದಿಲ್ಲ. ರೇಡಿಯೊ ಆರಿಸಿ ಮನೆಯಲ್ಲೇ ಇರುತ್ತಾರೆ. ಅವರನ್ನು ಹೆಚ್ಚು ನೋಯಿಸಿದ್ದು ಬಹುಶಃ ಹಳೆಯ ಹಾಡುಗಳೇ. ಒಂಟಿ ಗಿಟಾರಿನಲ್ಲಿ ಬಾಯಿಪಾಠ ಮಾಡಿಕೊಂಡಿದ್ದ ‘ಒನ್ ಟೂ ಮೆನಿ ಮಾರ್ನಿಂಗ್ಸ್’ ಆ ಸಂಜೆ ಬ್ಯಾಂಡಿನ ಅಬ್ಬರದಲ್ಲಿ ಗುರುತೇ ಸಿಗದಂತೆ ಬಂತು.

ಆ ಬ್ಯಾಂಡು ಮುಂದೆ ‘ದ ಬ್ಯಾಂಡ್’ ಎಂದೇ ಹೆಸರಾಯಿತು. ಹೆಲ್ಮ್ ಮರಳಿ ಬಂದರು. 1974ರಲ್ಲಿ ಈ ಬ್ಯಾಂಡಿನೊಂದಿಗೇ ಡಿಲನ್ ಅಮೆರಿಕ ಸುತ್ತಿದಾಗ ಅದೇ ಗದ್ದಲದ ಹಾಡುಗಳಿಗೆ ಕ್ರೀಡಾಂಗಣಗಳು ತುಂಬಿದವು. ಮ್ಯಾಂಚೆಸ್ಟರಿನ ಧ್ವನಿಮುದ್ರಣ ವರ್ಷಗಟ್ಟಲೆ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್‌ನದೆಂಬ ತಪ್ಪು ಹೆಸರಿನಲ್ಲಿ ಕಳ್ಳಪ್ರತಿಯಾಗಿ ಓಡಾಡಿ, 1998ರಲ್ಲಿ ಅಧಿಕೃತವಾಗಿ ಹೊರಬಂತು. ಆ ಕೂಗನ್ನು ಅದರಲ್ಲಿ ಹಾಗೆಯೇ ಉಳಿಸಿದ್ದಾರೆ.