ಹುಬ್ಬಿಗೆ ಬಣ್ಣ, ಕಣ್ಣಿಗೆ ಬೆಂಕಿ

ನಿಟ್ಟೂರು: ಕೊಡಚಾದ್ರಿ ಬುಡದ ಈ ಊರಿನಲ್ಲಿ ಬಸ್ಸಿಗೆ ಕಾಯುವವರು ಒಮ್ಮೆ ಕಿರಾಣಿ ಅಂಗಡಿಯ ಮಾಡಿನತ್ತ ತಲೆ ಎತ್ತಿ ನೋಡಬೇಕು. ಶಾಂಪೂ ಮಾಲೆ, ಕಾಫಿಪುಡಿ ಮಾಲೆ, ಅದರ ಪಕ್ಕದಲ್ಲೇ ತಲೆಗೂದಲಿಗೆ ಹಚ್ಚುವ ಕರಿ ಬಣ್ಣದ ಮಾಲೆ. ನಿಟ್ಟೂರೊಂದೇ ಅಲ್ಲ, ಸಂಪೇಕಟ್ಟೆಯಲ್ಲೂ ಇದೇ, ನಗರದಲ್ಲೂ ಇದೇ, ಸಾಗರದ ಪೇಟೆಯಲ್ಲೂ ಇದೇ. ಬೀಡಿ, ಬೆಂಕಿಪೊಟ್ಟಣದ ಹಾಗೆ ಅದೂ ಒಂದು ಸಾಮಾನು. ಮಾರುವವರು ಓದುವುದಿಲ್ಲ, ಕೊಳ್ಳುವವರೂ ಓದುವುದಿಲ್ಲ.

ಓದಿದರೆ, ಇರುವೆ ಸಾಲಿನಂಥ ಅಕ್ಷರದಲ್ಲಿ ಅದರ ಬೆನ್ನ ಮೇಲೆ ಒಂದು ಮಾತಿದೆ. ಈ ಬಣ್ಣವನ್ನು ಹುಬ್ಬಿಗಾಗಲೀ ರೆಪ್ಪೆಗೂದಲಿಗಾಗಲೀ ಹಚ್ಚಕೂಡದು, ಹಚ್ಚಿದರೆ ಕಣ್ಣೇ ಹೋಗಬಹುದು ಎಂಬುದು ಅದರ ತಾತ್ಪರ್ಯ.

ಇದು ಕಂಪನಿಯವರು ಕರುಣೆಯಿಂದ ಬರೆದದ್ದಲ್ಲ. ಪಿ.ಪಿ.ಡಿ. ಎಂದು ಕರೆಯುವ ಪ್ಯಾರಾಫಿನೈಲೀನ್‌ಡೈಅಮೀನ್ ಎಂಬ ರಾಸಾಯನಿಕ ಇರುವ ಯಾವ ಬಣ್ಣವೇ ಆಗಲಿ, ಈ ಎಚ್ಚರಿಕೆಯನ್ನು ಇಂಗ್ಲಿಷಿನಲ್ಲೂ ಆಯಾ ಸೀಮೆಯ ಭಾಷೆಯಲ್ಲೂ ಎದ್ದು ಕಾಣುವಂತೆ ಅಚ್ಚು ಹಾಕಬೇಕೆಂದು ಕೇಂದ್ರ ಸರ್ಕಾರದ ನಿಯಮವಿದೆ. 2020ರಲ್ಲಿ ಬಂದ ಸೌಂದರ್ಯವರ್ಧಕಗಳ ನಿಯಮಾವಳಿಯಲ್ಲೂ ಅದು ಉಳಿದಿದೆ. ಎದ್ದು ಕಾಣುತ್ತದೆಯೋ ಇಲ್ಲವೋ, ಪ್ಯಾಕೆಟ್ಟು ಕೈಯಲ್ಲಿ ಹಿಡಿದು ಅಂಗಡಿಯವರೇ ಹೇಳಲಿ. ಕನ್ನಡಕ ಹಾಕಿಕೊಂಡು ಹೇಳಿದರೂ ಅಡ್ಡಿಯಿಲ್ಲ.

ಇದು ಹೆಂಗಸರ ವಿಷಯ ಎಂದು ಪುಟ ತಿರುಗಿಸುವ ಗಂಡಸರಿಗೂ ಒಂದು ಮಾತು. ಮಗಳ ಮದುವೆಗೆ ತಲೆ ಕಪ್ಪು ಮಾಡಿಸಿಕೊಂಡು, ಮೀಸೆ ಕಪ್ಪು ಮಾಡಿಸಿಕೊಂಡು, ಕೊನೆಗೆ ಬಟ್ಟಲಲ್ಲಿ ಉಳಿದದ್ದನ್ನು 'ಹಂಗೇ ಹುಬ್ಬಿಗೂ ಎರಡು ಎಳೆ ಎಳೆದುಬಿಡಪ್ಪ' ಎನ್ನುವವರು ಯಾರು? ಕುರ್ಚಿಯಲ್ಲಿ ಕೂತವರಿಗೆ ಜುಗ್ಗತನ, ಹಚ್ಚುವವನಿಗೆ ದಾಕ್ಷಿಣ್ಯ.

ಅರಸೀಕೆರೆಯ ಮದುವೆ

ಲಗ್ನದ ತಿಂಗಳು ಬಂದರೆ ಮಲೆನಾಡಿನಲ್ಲಿ ಈಗ ಅಡಿಗೆಯವರಿಗಿಂತ ಮೊದಲು ಬ್ಯೂಟಿಶಿಯನ್ನರನ್ನು ಗೊತ್ತು ಮಾಡುತ್ತಾರೆ. ಬ್ಲೀಚು, ಫೇಶಿಯಲ್ಲು, ಕೂದಲು ನೆಟ್ಟಗೆ ಮಾಡುವ ಕ್ರೀಮು, ಅಂಟಿಸುವ ರೆಪ್ಪೆ, ಬಣ್ಣದ ಲೆನ್ಸು. ತಪ್ಪೇನೂ ಇಲ್ಲ. ಅಂದ ಮಾಡಿಕೊಳ್ಳಬೇಡಿ ಎನ್ನಲು ಯಾರಿಗೆ ಅಧಿಕಾರ? ಆದರೆ ಇಷ್ಟೆಲ್ಲ ನಡೆಯುವುದು ಕಣ್ಣಿನಿಂದ ಎರಡು ಬೆರಳು ದೂರದಲ್ಲಿ. ಅಲ್ಲಿ ಉರಿ ಎದ್ದಾಗ ಕೇಳಿಬರುವ ಮಾತು ಒಂದೇ: 'ಒಂಚೂರು ಉರೀತದೆ, ತಡ್ಕೊ ಮಾರಾಯ್ತಿ.'

2023ರ ಮಾರ್ಚ್ ಮೊದಲ ವಾರದಲ್ಲಿ ಹಾಸನ ಜಿಲ್ಲೆಯ ಅರಸೀಕೆರೆಯಿಂದ ಬಂದ ಸುದ್ದಿ ನೆನಪಿರಬಹುದು. ಮದುವೆ ನಿಶ್ಚಯವಾಗಿದ್ದ ಹುಡುಗಿ ಪಾರ್ಲರಿಗೆ ಹೋಗಿ ಹೊಸ ಮೇಕಪ್ಪು ಹಚ್ಚಿಸಿಕೊಂಡಳು, ಮುಖಕ್ಕೆ ಹಬೆಯನ್ನೂ ಕೊಡಲಾಯಿತು. ಆಮೇಲೆ ಮುಖ ಊದಿ, ಕಪ್ಪಗಾಗಿ, ಆಸ್ಪತ್ರೆ ಸೇರಬೇಕಾಯಿತು. ಮದುವೆ ನಿಂತುಹೋಯಿತೆಂದು ಪತ್ರಿಕೆಗಳು ಬರೆದವು. ಪೊಲೀಸರಿಗೆ ದೂರೂ ಹೋಯಿತು. ಊದಿದ ಆ ಮುಖದ ಫೋಟೋ ರಾಜ್ಯದ ಮೊಬೈಲುಗಳಲ್ಲೆಲ್ಲ ಓಡಾಡಿತು. ನೋಡಿದವರು ಅಯ್ಯೋ ಎಂದರು, ಮುಂದಿನವರಿಗೆ ಕಳಿಸಿದರು. ಅಷ್ಟೇ. ಅಂಥದು ತಮ್ಮ ಮನೆಯಲ್ಲೇ ಆದರೆ ಮೊದಲು ಮಾಡಬೇಕಾದ್ದು ಏನು ಎಂಬುದು ಮಾತ್ರ ಆ ಫೋಟೋದ ಜೊತೆ ಹೋಗಲಿಲ್ಲ.

ಅಮೆರಿಕದಿಂದ ಬಂದ ಪಾಠ

ಬಣ್ಣಕ್ಕೂ ಕುರುಡಿಗೂ ಏನು ಸಂಬಂಧ ಎನ್ನುವವರು 1933ಕ್ಕೆ ಹೋಗಬೇಕು. ಅಮೆರಿಕದಲ್ಲಿ 'ಲ್ಯಾಷ್ ಲ್ಯೂರ್' ಎಂಬ ರೆಪ್ಪೆಯ ಬಣ್ಣ ಮಾರಾಟವಾಗುತ್ತಿತ್ತು. ಅದರೊಳಗೆ ಇದ್ದದ್ದು ಇದೇ ಪಿ.ಪಿ.ಡಿ. ಜಾತಿಯ ಬಣ್ಣ. ಓಹಿಯೋ ರಾಜ್ಯದ ಡೇಟನ್ ಊರಿನ ಮಹಿಳೆಯೊಬ್ಬರು ಸಮಾರಂಭವೊಂದಕ್ಕೆ ಹೋಗುವ ಮೊದಲು ಪಾರ್ಲರಿನಲ್ಲಿ ಹುಬ್ಬಿಗೂ ರೆಪ್ಪೆಗೂ ಅದನ್ನು ಹಚ್ಚಿಸಿಕೊಂಡರು. ಉರಿ ಹತ್ತಿತು, ಕಣ್ಣು ಊದಿ ಮುಚ್ಚಿದವು, ದೃಷ್ಟಿ ಮರಳಲಿಲ್ಲ. ಇಂಥ ಪ್ರಕರಣ ಒಂದಲ್ಲ, ಹಲವು. ಒಬ್ಬರು ಸತ್ತೂ ಹೋದರು.

ಅಲ್ಲಿನ ಸರ್ಕಾರ ಏನೂ ಮಾಡಲಾಗಲಿಲ್ಲ. 1906ರ ಅವರ ಕಾಯ್ದೆಯಲ್ಲಿ ಆಹಾರ ಇತ್ತು, ಔಷಧ ಇತ್ತು, ಸೌಂದರ್ಯದ ಸಾಮಾನು ಇರಲಿಲ್ಲ. ಆಗ ಆಹಾರ ಮತ್ತು ಔಷಧ ಇಲಾಖೆಯವರು ಆ ಮಹಿಳೆಯ ಹಿಂದಿನ ಫೋಟೋ, ಆಮೇಲಿನ ಫೋಟೋ ಎರಡನ್ನೂ ಪಕ್ಕಪಕ್ಕ ಇಟ್ಟು ಪ್ರದರ್ಶನ ಮಾಡಿದರು. ಕಡೆಗೆ 1938ರಲ್ಲಿ ಹೊಸ ಕಾಯ್ದೆ ಬಂತು. ಅದರ ಬಲದಿಂದ ಮೊಟ್ಟಮೊದಲು ಜಪ್ತಿಯಾದ ಮಾಲು ಈ ಲ್ಯಾಷ್ ಲ್ಯೂರೇ. ನಮ್ಮ ಅಂಗಡಿಯ ಮಾಲೆಯಲ್ಲಿ ನೇತಾಡುವ ಎಚ್ಚರಿಕೆ ಹೇಳುವುದೂ ಆ ಕಣ್ಣುಗಳು ಕಲಿಸಿದ ಅದೇ ಮಾತನ್ನು.

ಈ ಪಿ.ಪಿ.ಡಿ.ಯದು ಕಳ್ಳ ಸ್ವಭಾವ. ಹತ್ತು ವರ್ಷ ಹಚ್ಚಿದರೂ ಏನೂ ಆಗದವರಿಗೆ ಹನ್ನೊಂದನೇ ವರ್ಷ ಆಗಬಹುದು. ಒಮ್ಮೆ ಮೈಗೆ ಒಗ್ಗದಾಯಿತೆಂದರೆ ಆ ಅಲರ್ಜಿ ಸಾಮಾನ್ಯವಾಗಿ ಜೀವಮಾನ ಬಿಡುವುದಿಲ್ಲ. ಕೈಗೆ ಹಾಕುವ ಕಪ್ಪು ಮೆಹಂದಿ ಎಂಬುದರಲ್ಲೂ ಇದನ್ನು ಬೆರೆಸುವುದುಂಟು. ಜಾತ್ರೆಯಲ್ಲಿ ಹಾಕಿಸಿಕೊಂಡ ಮೆಹಂದಿಯಿಂದ ಕೈ ಬೊಬ್ಬೆ ಎದ್ದವರು ತಲೆಬಣ್ಣದ ಹತ್ತಿರ ಸುಳಿಯಬಾರದು. ಇನ್ನೊಂದು, ಅಲರ್ಜಿಯ ಊತ ಆ ಕ್ಷಣಕ್ಕೇ ಬರಬೇಕೆಂದಿಲ್ಲ. ಮರುದಿನವೋ ಅದರ ಮರುದಿನವೋ ಬರಬಹುದು. ಸೋಮವಾರದ ಬಣ್ಣಕ್ಕೆ ಬುಧವಾರ ಕಣ್ಣು ಊದಿದರೆ 'ಯಾವುದೋ ಹುಳ ಮುಟ್ಟಿರಬೇಕು' ಎಂದು ಹುಳದ ಮೇಲೆ ಹಾಕುವುದೇ ಹೆಚ್ಚು.

ಹಾಗಾಗಿಯೇ ಪ್ಯಾಕೆಟ್ಟಿನಲ್ಲಿ ಪರೀಕ್ಷೆಯ ವಿಧಾನವೂ ಇದೆ. ಕಿವಿಯ ಹಿಂದೆಯೋ ಮುಂಗೈ ಒಳಭಾಗಕ್ಕೋ ಒಂದಿಷ್ಟು ಹಚ್ಚಿ, 24 ಗಂಟೆ ಬಿಟ್ಟು ನೋಡುವುದು. ಪ್ರತಿ ಸಲವೂ ನೋಡಬೇಕು ಎಂದಿದೆ. ಮದುವೆ ದಿನ ಬೆಳಗಿನ ಜಾವ ನಾಲ್ಕಕ್ಕೆ ಡಬ್ಬಿ ಬಿಚ್ಚುವವರಿಗೆ 24 ಗಂಟೆ ಎಲ್ಲಿಂದ ಬರಬೇಕು?

ಸುಣ್ಣ ಬಿದ್ದ ಕಣ್ಣಿನ ಹಾಗೆ

ಬಣ್ಣದ್ದು ಒಂದು ಕತೆಯಾದರೆ ಬ್ಲೀಚಿನದು, ಕೂದಲು ನೆಟ್ಟಗೆ ಮಾಡುವ ಕ್ರೀಮಿನದು ಇನ್ನೊಂದು. ಬ್ಲೀಚಿನಲ್ಲಿ ಹೈಡ್ರೋಜನ್ ಪೆರಾಕ್ಸೈಡ್ ಇರುತ್ತದೆ, ಹಲವದರಲ್ಲಿ ಅಮೋನಿಯಾ ಕೂಡ. ನೆಟ್ಟಗೆ ಮಾಡುವ ಕೆಲವು ಕ್ರೀಮುಗಳು ಕಡು ಕ್ಷಾರ. ಕವಳ ಹಾಕುವ ಸೀಮೆಯವರಿಗೆ ಕ್ಷಾರ ಎಂದರೆ ಏನೆಂದು ಬಿಡಿಸಿ ಹೇಳಬೇಕಾಗಿಲ್ಲ. ಸುಣ್ಣದ ಡಬ್ಬಿ ಮಗುವಿನ ಕೈಗೆ ಸಿಕ್ಕರೆ ಅಜ್ಜಿ ಯಾಕೆ ಕೂಗುತ್ತಾರೆ? ಸುಣ್ಣವೂ ಕ್ಷಾರವೇ. ಆಮ್ಲ ಬಿದ್ದರೆ ಬಹುಮಟ್ಟಿಗೆ ಮೇಲ್ಪದರ ಸುಟ್ಟು ಅಲ್ಲಿಗೆ ನಿಲ್ಲುತ್ತದೆ. ಕ್ಷಾರ ನಿಲ್ಲುವುದಿಲ್ಲ, ಕೊರೆಯುತ್ತಾ ಒಳಗಿಳಿಯುತ್ತದೆ. ಕರಿಗುಡ್ಡೆಯ ಮೇಲಿನ ಗಾಜಿನಂಥ ಪರದೆ, ವೈದ್ಯರು ಕಾರ್ನಿಯಾ ಎನ್ನುವುದು, ಹೆಚ್ಚೂಕಡಿಮೆ ಅರ್ಧ ಮಿಲಿಮೀಟರ್ ದಪ್ಪ ಅಷ್ಟೆ.

ಆ ಪರದೆಯ ತುಂಬ ನರಗಳು. ಅದಕ್ಕೇ ಒಂದು ಗೀರು ಬಿದ್ದರೂ ಮರಳು ಹೊಯ್ದಂತೆ ನೋವು, ನೀರು, ಬೆಳಕು ಕಂಡರೆ ಆಗುವುದಿಲ್ಲ. ಸಣ್ಣ ಗೀರಾದರೆ ಎರಡು ಮೂರು ದಿನದಲ್ಲಿ ಕೂಡಿಕೊಳ್ಳುತ್ತದೆ. ಆದರೆ ಕ್ಷಾರ ಆಳಕ್ಕೆ ಇಳಿದು ನರವೇ ಸತ್ತರೆ ನೋವು ತಗ್ಗುತ್ತದೆ. 'ನೋವು ಹೋಯ್ತು, ವಾಸಿ ಆಯ್ತು' ಎಂದು ಮಲಗಿದವರ ಕಣ್ಣೇ ಹೆಚ್ಚು ಅಪಾಯದಲ್ಲಿ.

ನಿಟ್ಟೂರಿನಿಂದ ಲೆಕ್ಕ ಹಾಕಿ. ಪ್ರಾಥಮಿಕ ಆರೋಗ್ಯ ಕೇಂದ್ರ ಎಂಬಲ್ಲಿ ಸಾಮಾನ್ಯವಾಗಿ ಕಣ್ಣಿನ ತಜ್ಞರು ಇರುವುದಿಲ್ಲ. ಘಟ್ಟದ ಮೇಲಿನ ದಾರಿ ಹಿಡಿದರೆ ಹೊಸನಗರ ದಾಟಿ ಶಿವಮೊಗ್ಗಕ್ಕೆ, ಮೆಗ್ಗಾನ್ ಆಸ್ಪತ್ರೆಗೋ ಹರಕೆರೆಯ ಶಂಕರ ಕಣ್ಣಿನ ಆಸ್ಪತ್ರೆಗೋ. ಘಟ್ಟ ಇಳಿದರೆ ಕೊಲ್ಲೂರು, ಕುಂದಾಪುರ, ಅಲ್ಲಿಂದ ಮುಂದೆ ಮಣಿಪಾಲ. ಯಾವ ಕಡೆ ಹೋದರೂ ಗಂಟೆಗಟ್ಟಲೆ ದಾರಿ, ಅದೂ ಬಸ್ಸು ಸಿಕ್ಕರೆ. ಮೊದಲ ಕಾಲು ಗಂಟೆಯಲ್ಲಿ ಆಗಬೇಕಾದ ಚಿಕಿತ್ಸೆ ಅಷ್ಟು ಹೊತ್ತು ಕಾಯುವುದಿಲ್ಲ.

ಆ ಚಿಕಿತ್ಸೆ ನೀರು. ಬರೀ ನೀರು. ಮನೆ ಹಿತ್ತಲಿಗೆ ಗುಡ್ಡದಿಂದ ಪೈಪಿನಲ್ಲಿ ಅಬ್ಬಿ ನೀರು ಹರಿದು ಬರುವ ಸೀಮೆ ಇದು. ಪಟ್ಟಣದವರು ಆಸ್ಪತ್ರೆಯಲ್ಲಿ ಬಾಟಲಿ ನೇತುಹಾಕಿ ತೊಳೆಸಿಕೊಳ್ಳುವುದನ್ನು ಇಲ್ಲಿಯವರು ಹಿತ್ತಲಲ್ಲೇ ಶುರು ಮಾಡಬಹುದು. ಶುದ್ಧವಾಗಿ ಹರಿಯುವ ನೀರು ಯಾವುದಾದರೂ ಸೈ, ಇಲ್ಲದಿದ್ದರೆ ಕುಡಿಯುವ ನೀರನ್ನು ಚೆಂಬಿನಿಂದ ಸುರಿಯಬೇಕು. ಕಣ್ಣಲ್ಲಿ ಲೆನ್ಸಿದ್ದು ಸುಲಭವಾಗಿ ಬಂದರೆ ತೆಗೆಯಬೇಕು, ಬಾರದಿದ್ದರೆ ಅದಕ್ಕಾಗಿ ತೊಳೆಯುವುದನ್ನು ತಡಮಾಡಬಾರದು. ತಲೆಯನ್ನು ಒಂದು ಕಡೆ ವಾಲಿಸಿ, ಪೆಟ್ಟಾದ ಕಣ್ಣು ಕೆಳಗಿರಬೇಕು, ಇಲ್ಲದಿದ್ದರೆ ತೊಳೆದ ವಿಷ ಒಳ್ಳೆಯ ಕಣ್ಣಿಗೆ ಹರಿಯುತ್ತದೆ. ನೋವಿಗೆ ರೆಪ್ಪೆ ತಾನೇ ಮುಚ್ಚಿಕೊಳ್ಳುತ್ತದೆ, ಹಾಗಾಗಿ ಇನ್ನೊಬ್ಬರು ಬೆರಳಿನಿಂದ ಬಿಡಿಸಿ ಹಿಡಿಯಬೇಕು. ಎಷ್ಟು ಹೊತ್ತು? ಕಡಿಮೆಯೆಂದರೆ 15 ನಿಮಿಷ, ಬ್ಲೀಚು, ಕ್ರೀಮು, ಸುಣ್ಣವಾದರೆ ಅರ್ಧ ಗಂಟೆ. ಗಡಿಯಾರ ನೋಡಿಯೇ. ಎರಡು ಸಲ ಮುಖಕ್ಕೆ ನೀರು ಎರಚಿದ್ದು ತೊಳೆದ ಲೆಕ್ಕಕ್ಕೆ ಬರುವುದಿಲ್ಲ. ಸೀರೆ ಒದ್ದೆಯಾಗ್ತದೆ, ಮೇಕಪ್ಪು ಕರಗಿ ಹೋಗ್ತದೆ, ಮುಹೂರ್ತ ಮೀರ್ತದೆ ಅಂತಾರೆ. ಹೋಗಲಿ ಬಿಡಿ.

ತೋಟಕ್ಕೆ ಬೋರ್ಡೋ ಹೊಡೆಯುವವರಿಗೂ ಇದೇ ಮಾತು ಸಲ್ಲುತ್ತದೆ. ಮೈಲುತುತ್ತ, ಸುಣ್ಣದ ಆ ದ್ರಾವಣ ಅಡಕೆ ಮರದ ತುದಿಯಿಂದ ಕಣ್ಣಿಗೆ ಸಿಡಿದರೆ ಮಾಡಬೇಕಾದ್ದೂ ಅದೇ.

ನಂದಿಬಟ್ಟಲು ಹೂವಿನ ರಸ, ಹರಳೆಣ್ಣೆ, ತುಪ್ಪ, ಎದೆಹಾಲು, ಇವೆಲ್ಲ ಹೊರಗಿರಲಿ. ಸುಣ್ಣಕ್ಕೆ ನಿಂಬೆಹಣ್ಣು ಎಂಬ ಬುದ್ಧಿವಂತಿಕೆಯಂತೂ ಬೇಡವೇ ಬೇಡ. ಕಣ್ಣೊಳಗೆ ರಸಾಯನಶಾಸ್ತ್ರದ ಪ್ರಯೋಗ ನಡೆಸಬಾರದು. ಅಂಟಿಸಿದ ರೆಪ್ಪೆಯ ಗೋಂದಿನಿಂದ ಕಣ್ಣು ಮುಚ್ಚಿಹೋದರೆ ಎಳೆದು ಬಿಡಿಸಬಾರದು, ಕತ್ತರಿ ಹಾಕಬಾರದು. ಉಗುರುಬೆಚ್ಚಗಿನ ನೀರಿನಲ್ಲಿ ಅದ್ದಿದ ಬಟ್ಟೆ ಮೇಲಿಟ್ಟುಕೊಂಡೇ ವೈದ್ಯರ ಹತ್ತಿರ ಹೋಗಬೇಕು.

ಮೆಡಿಕಲ್ ಶಾಪಿನ ಡ್ರಾಪ್ಸು

ಇನ್ನು ನಮ್ಮ ಜನರ ದೊಡ್ಡ ನಂಬಿಕೆ, ಮೆಡಿಕಲ್ ಶಾಪು. 'ಕಣ್ಣು ಕೆಂಪಾಗಿದೆ, ಒಂದು ಡ್ರಾಪ್ಸ್ ಕೊಡಿ.' ಕೈಗೆ ಬರುವುದು ಕೆಲವೊಮ್ಮೆ ಸ್ಟೀರಾಯ್ಡ್ ಬೆರೆತ ಹನಿ. ಕೆಂಪು ಒಂದೇ ದಿನಕ್ಕೆ ಇಳಿಯುತ್ತದೆ, ಜನ ಕೈಮುಗಿಯುತ್ತಾರೆ. ಆದರೆ ಗೀರಿನೊಳಗೆ ಶಿಲೀಂಧ್ರ ಸೇರಿದ್ದರೆ, ಅಂದರೆ ಬೂಷ್ಟಿನ ಜಾತಿಯದು, ಅದಕ್ಕೆ ಸ್ಟೀರಾಯ್ಡ್ ಎಂದರೆ ಹಬ್ಬದೂಟ. ತೋಟ, ಗದ್ದೆ, ಹುಲ್ಲು, ಮಳೆಯ ಈ ನಾಡಿನಲ್ಲಿ ಬೂಷ್ಟಿಗೆ ಬರವಿಲ್ಲ. ಸ್ಟೀರಾಯ್ಡನ್ನು ಕಣ್ಣಿನ ವೈದ್ಯರೂ ಬರೆಯುತ್ತಾರೆ, ಆದರೆ ದೀಪ ಹಾಕಿ ಒಳಗೆ ನೋಡಿ ಆಮೇಲೆ. ನೋವು ಮರೆಸುವ ಮರಗಟ್ಟಿಸುವ ಹನಿಯೂ ಹಾಗೆಯೇ. ಆಸ್ಪತ್ರೆಯಲ್ಲಿ ಪರೀಕ್ಷೆಗೆಂದು ಒಂದೆರಡು ಹನಿ ಹಾಕುತ್ತಾರೆ, ಸ್ವರ್ಗ ಕಂಡಂತಾಗುತ್ತದೆ. 'ಅದನ್ನೇ ಒಂದು ಬಾಟಲಿ ಕೊಡಿ ಡಾಕ್ಟ್ರೆ' ಎಂದರೆ ಕೊಡುವುದಿಲ್ಲ. ಮೇಲಿಂದ ಮೇಲೆ ಹಾಕಿದರೆ ಗಾಯ ಮಾಯುವುದೇ ಇಲ್ಲ, ಕಾರ್ನಿಯಾ ಕರಗುವ ಮಟ್ಟಕ್ಕೂ ಹೋಗಬಹುದು.

ಕಾರ್ಯ ಮುಗಿಯಲಿ, ಆಮೇಲೆ ನೋಡೋಣ ಎಂಬ ಚಟ ಹಳ್ಳಿಯವರದೊಂದೇ ಅಲ್ಲ. ಹಿಂದಿ ಕಿರುತೆರೆಯ ನಟಿ ಜಾಸ್ಮಿನ್ ಭಾಸಿನ್ 2024ರ ಜುಲೈನಲ್ಲಿ ದೆಹಲಿಯ ಕಾರ್ಯಕ್ರಮಕ್ಕೆಂದು ಲೆನ್ಸ್ ಹಾಕಿಕೊಂಡರು. ನೋವು ಶುರುವಾದರೂ ಕಪ್ಪು ಕನ್ನಡಕ ಏರಿಸಿ ಕಾರ್ಯಕ್ರಮ ಮುಗಿಸಿದರು. ಆಮೇಲೆ ಕಣ್ಣೇ ಕಾಣದಂತಾಗಿ ವೈದ್ಯರ ಬಳಿ ಹೋದರೆ, ಕಾರ್ನಿಯಾಗೆ ಪೆಟ್ಟಾಗಿದೆ ಎಂದು ಎರಡೂ ಕಣ್ಣಿಗೆ ಪಟ್ಟಿ ಕಟ್ಟಿದರು. ಇದನ್ನು ಅವರೇ ಹೇಳಿಕೊಂಡಿದ್ದಾರೆ.

ಪಾರ್ಲರಿನವರದೇ ತಪ್ಪು ಎನ್ನುವಂತಿದ್ದರೆ ಸುಮ್ಮನೆ ಬಾಗಿಲಲ್ಲಿ ನಿಂತು ಕೂಗಾಡಬೇಕಿಲ್ಲ. ದುಡ್ಡು ಕೊಟ್ಟು ಪಡೆದ ಸೇವೆಗೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಅನ್ವಯಿಸುತ್ತದೆ. ಶಿವಮೊಗ್ಗದ ಜಿಲ್ಲಾ ಗ್ರಾಹಕರ ಆಯೋಗಕ್ಕೆ ವಕೀಲರಿಲ್ಲದೆಯೂ ದೂರು ಕೊಡಬಹುದು, ಕೊಟ್ಟ ಹಣ 5 ಲಕ್ಷದೊಳಗಿದ್ದರೆ ಶುಲ್ಕವಿಲ್ಲ. ಆದರೆ ಅಲ್ಲಿ ಕೇಳುವುದು ರಸೀದಿ. ಹುಬ್ಬಿಗೆ ಐವತ್ತು ರೂಪಾಯಿ ಕೊಟ್ಟು ರಸೀದಿ ಕೇಳಿದವರನ್ನು ಈ ಮೂರು ತಾಲ್ಲೂಕಿನಲ್ಲಿ ಹುಡುಕಬೇಕು.

ತೊಳೆದಾದ ಮೇಲೂ ಉರಿ, ಮಂಜು, ಊತ ಇದ್ದರೆ ರಾತ್ರಿಯಾದರೂ ಹೊರಡಬೇಕು. ಬ್ಲೀಚು, ಕ್ರೀಮು, ಸುಣ್ಣವಾದರೆ ಉರಿ ಇಳಿದಿದ್ದರೂ ಹೊರಡಬೇಕು. ಬಸ್ಸಿಲ್ಲದಿದ್ದರೆ 108 ಇದೆ. ಕಣ್ಣು ಉಜ್ಜದಂತೆ ಕೈ ಹಿಡಿದುಕೊಳ್ಳಲು ಜೊತೆಗೊಬ್ಬರು ಇರಲಿ. ಹಚ್ಚಿದ ಡಬ್ಬಿಯೋ ಪ್ಯಾಕೆಟ್ಟೋ ಕಸಕ್ಕೆ ಹೋಗಿದ್ದರೆ ಹೆಕ್ಕಿ ಜೇಬಿಗೆ ಹಾಕಿಕೊಳ್ಳಬೇಕು. ಡಾಕ್ಟರು ಅದನ್ನು ತಿರುವಿ, ಹಿಂದಿನ ಆ ಇರುವೆ ಸಾಲನ್ನು ಓದುತ್ತಾರೆ.