ಸಭಾಭವನಕ್ಕೆ ಗಾಳಿಯ ದಾರಿ

ಉಚ್ಚಿಲದಂತಹ ಕಡಲಕರೆಯ ಊರಿನಲ್ಲಿ ಸಾವಿರ ಜನ ಕೂಡುವ ಸಭಾಭವನ ಕಟ್ಟಹೊರಟಾಗ ಹಣವೆಷ್ಟು ಎಂದು ಎಲ್ಲರೂ ಕೇಳುತ್ತಾರೆ. ಗಾಳಿ ಎತ್ತಣಿಂದ ಬಂದು ಎತ್ತ ಹೋಗಬೇಕು ಎಂದು ಕೇಳುವವರು ವಿರಳ. ಸುಮ್ಮನೆ ಕುಳಿತ ಮನುಷ್ಯನ ಮೈಯಿಂದಲೇ ಸುಮಾರು 100 ವ್ಯಾಟಿನಷ್ಟು ಕಾವು ಹೊರಡುತ್ತದೆ. ಸಾವಿರ ಮಂದಿ ಎಂದರೆ ಒಂದು ಲಕ್ಷ ವ್ಯಾಟ್; ಸಾವಿರ ವ್ಯಾಟಿನ ನೂರು ವಿದ್ಯುತ್ ಒಲೆಗಳನ್ನು ಒಳಗೆ ಉರಿಸಿಟ್ಟಂತೆ!

ಬೆವರು ಆರುವಾಗ ಮೈಯ ಬಿಸಿಯನ್ನು ಒಯ್ಯುತ್ತದೆ. ನಮ್ಮ ಕರಾವಳಿಯ ಗಾಳಿಯಲ್ಲಿ ತೇವ ತುಂಬಿರುವುದರಿಂದ ಅದು ಬೇಗ ಆರದು. ಗಾಳಿ ಬೀಸುತ್ತಿದ್ದರಷ್ಟೆ ಹಾಯೆನಿಸುತ್ತದೆ. ವಿಜಯಪುರದ ಕಡೆ ದಪ್ಪ ಗೋಡೆ ಹಗಲಿನ ಕಾವನ್ನು ಹೀರಿ, ತಂಪಾದ ಇರುಳಿನಲ್ಲಿ ಬಿಟ್ಟುಕೊಡುತ್ತದೆ. ಇಲ್ಲಿಯ ಇರುಳು ಅಷ್ಟು ತಣಿಯುವುದಿಲ್ಲ. ಆದುದರಿಂದ ಅಲ್ಲಿಯ ಉಪಾಯ ಇಲ್ಲಿಗೆ ಸಲ್ಲದು.

ಹಿಂದಿನವರಿಗೆ ಇದು ತಿಳಿದಿತ್ತು. 1430ರಲ್ಲಿ ಕಟ್ಟಿದ ಮೂಡುಬಿದಿರೆಯ ಸಾವಿರ ಕಂಬದ ಬಸದಿಯ ಇಳಿಜಾರು ಮಾಡುಗಳನ್ನು ನೋಡಿರಿ. 1865ರಲ್ಲಿ ಬಾಸೆಲ್ ಮಿಷನ್ನಿನವರು ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ತೆರೆದ ಮೇಲೆ ಶಾಲೆ, ಕಚೇರಿಗಳಿಗೂ ಅಂತಹ ಮಾಡು ಬಂದಿತು. ಮೇಲೇರಿದ ಬಿಸಿಗಾಳಿ ಹೆಂಚುಗಳ ಸಂದಿನಿಂದ ನುಸುಳಿ ಹೋಗುತ್ತದೆ. ತಗಡಿನ ಮಾಡಿಗೆ ಈ ಗುಣವಿಲ್ಲ, ಮಳೆಗಾಲದಲ್ಲಿ ಅದರ ಕೆಳಗೆ ಭಾಷಣವೂ ಕೇಳಿಸದು.

ಹೊಸ ಕಟ್ಟಡಗಳಲ್ಲಿ ಬೆಂಗಳೂರಿನ ದೊಮ್ಮಲೂರಿನಲ್ಲಿರುವ ಟೆರಿ ಸಂಸ್ಥೆಯ ಭವನ ನೋಡತಕ್ಕದ್ದು. ಶಿಲ್ಪಿ ಸಂಜಯ್ ಮೋಹೆ. ನಿವೇಶನದ ದಕ್ಷಿಣಕ್ಕೆ ದುರ್ನಾತದ ಕಾಲುವೆ. ಗಾಳಿ ಬೀಸುವುದೂ ಆ ಕಡೆಯಿಂದಲೇ. ಅತ್ತ ಕಿಟಕಿಯಿಲ್ಲದ ಜೋಡಿಗೋಡೆ ಎಬ್ಬಿಸಿ, ಹೊರಮೈಗೆ ಕಡಪದ ಕರಿಕಲ್ಲು ಹೊದಿಸಿದರು. ಬಿಸಿಲಿಗೆ ಕಲ್ಲು ಕಾಯುತ್ತದೆ, ಗೋಡೆಗಳ ನಡುವಿನ ಗಾಳಿ ಬಿಸಿಯಾಗಿ ಮೇಲೇರುತ್ತದೆ, ಅದರ ತೆರವನ್ನು ತುಂಬಲು ಉತ್ತರದ ತೋಟದ ಕಡೆಯಿಂದ ತಂಪುಗಾಳಿ ಒಳಗೆ ಬರುತ್ತದೆ. ಶತ್ರುವಾದ ಬಿಸಿಲನ್ನೇ ಆಳಾಗಿ ದುಡಿಸಿದ ಜಾಣತನವಿದು.

ಉಚ್ಚಿಲದಲ್ಲಿ ತೊಡಕು ಬೇರೆ. ಮಧ್ಯಾಹ್ನ ನಮಗೆ ಬೇಕಾದ ಗಾಳಿ ಪಡುವಣ ಕಡಲಿನದು. ಮಳೆಗಾಲದಲ್ಲಿ ಇರಚಲು ಹೊಡೆಯುವುದೂ ಅದೇ ದಿಕ್ಕಿನಿಂದ. ಕಿಟಕಿ ಮುಚ್ಚಿದರೆ ಸೆಕೆ, ತೆರೆದರೆ ನೀರು. ಮಾಡಿನ ಅಂಚನ್ನು ಹೊರಕ್ಕೆ ಚಾಚಿ, ಅದರಡಿ ಜಗಲಿ ಬಿಟ್ಟು, ಓರೆಪಟ್ಟಿಯ ಕಿಟಕಿಯಿಟ್ಟು, ಮಾಡಿನ ನೆತ್ತಿಯಲ್ಲಿ ಬಿಸಿಗಾಳಿಗೆ ಹೊರದಾರಿ ಮಾಡುವುದೇ ಉಪಾಯ. ಗೋಡೆಗೆ ಮುರಕಲ್ಲು ಈ ಸೀಮೆಯಲ್ಲೇ ಸಿಗುತ್ತದೆ.

ಗಾಜಿನ ಪೆಟ್ಟಿಗೆಯಂತೆ ಕಟ್ಟಿ ಯಂತ್ರದಿಂದ ತಂಪು ಮಾಡಬಾರದೇಕೆ ಎನ್ನುವವರಿದ್ದಾರೆ. ಆ ವಿದ್ಯುತ್ತು ಎಲ್ಲಿಯದು? ಹತ್ತಿರದ ಯೆಲ್ಲೂರಿನಲ್ಲೇ ಹಡಗಿನಲ್ಲಿ ತರಿಸಿದ ಕಲ್ಲಿದ್ದಲನ್ನು ಉರಿಸುವ 1200 ಮೆಗಾವ್ಯಾಟಿನ ಸ್ಥಾವರವಿದೆ. ಅದರ ಹೊಗೆ, ಬೂದಿಯ ದೂರುಗಳನ್ನು ಸುತ್ತಲಿನವರಿಗೆ ಹೇಳಿಕೊಡಬೇಕಾಗಿಲ್ಲ.

ಇನ್ನು ಮಾಡಿನ ನೀರು. ವರ್ಷಕ್ಕೆ ಸುಮಾರು 4000 ಮಿಲಿಮೀಟರ್ ಮಳೆಯಾಗುವ ಈ ಜಿಲ್ಲೆಯಲ್ಲಿ ಸಾವಿರ ಚದರ ಮೀಟರಿನ ಮಾಡಿನ ಮೇಲೆ 40 ಲಕ್ಷ ಲೀಟರ್ ಬೀಳುತ್ತದೆ. ದಂಡೆಯ ಬಾವಿಗಳಿಗೆ ಬೇಸಗೆಯಲ್ಲಿ ಉಪ್ಪುನೀರು ನುಗ್ಗುವ ಭಯವಿದ್ದೇ ಇದೆ. ನೆಲದೊಳಗೆ ಸಿಹಿನೀರು ತುಂಬಿದ್ದಷ್ಟು ಕಡಲು ಹಿಂದೆ ಸರಿಯುತ್ತದೆ. ಆದರೂ ಈ ನೀರನ್ನು ಕೊಳವೆಯಲ್ಲಿ ಹಿಡಿದು ನೇರ ರಸ್ತೆಯ ಚರಂಡಿಗೆ ಬಿಡುವ ಭವನಗಳೇ ಹೆಚ್ಚು.