ಪರದೆಯ ಅಂಚಿನ ಪಟ್ಟಿ

ಗಣಕಯಂತ್ರದ ಪರದೆಯ ಅಂಚಿನಲ್ಲಿ ಕಿರಿದಾದ ಪಟ್ಟಿಯೊಂದಿರುವುದನ್ನು ನೀವು ನೋಡಿರಬಹುದು. ಗಂಟೆ ಎಷ್ಟಾಯಿತು, ಬ್ಯಾಟರಿಯಲ್ಲಿ ಇನ್ನೆಷ್ಟು ವಿದ್ಯುತ್ತು ಉಳಿದಿದೆ ಎಂಬ ಸಂಗತಿಗಳನ್ನು ಅದು ಸದಾ ತಿಳಿಸುತ್ತಿರುತ್ತದೆ. ಇದನ್ನು ಸ್ಥಿತಿಪಟ್ಟಿ ಎನ್ನೋಣ. ಅದರಲ್ಲಿ ಏನಿರಬೇಕೆಂಬುದನ್ನು ಸಾಮಾನ್ಯವಾಗಿ ತಂತ್ರಾಂಶ ತಯಾರಿಸಿದವರೇ ನಿರ್ಧರಿಸಿರುತ್ತಾರೆ. ಬಳಸುವವನೇ ಅದನ್ನು ತನಗೆ ಬೇಕಾದಂತೆ ರಚಿಸಿಕೊಳ್ಳಬಹುದೆ? ಲಿನಕ್ಸ್ ವ್ಯವಸ್ಥೆಯಲ್ಲಿ ಇದು ಸಾಧ್ಯ.

ಹೆಲ್ಸಿಂಕಿ ವಿಶ್ವವಿದ್ಯಾಲಯದ ವಿದ್ಯಾರ್ಥಿಯಾಗಿದ್ದ ಲೀನಸ್ ಟೋರ್ವಾಲ್ಡ್ಸ್ 1991ರಲ್ಲಿ ಆರಂಭಿಸಿದ ಲಿನಕ್ಸ್, ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ 1969ರಲ್ಲಿ ಹುಟ್ಟಿದ ಯುನಿಕ್ಸ್‌ನ ಹಾದಿಯನ್ನು ಹಿಡಿದುದು. ಒಂದೊಂದು ತಂತ್ರಾಂಶವೂ ಒಂದೇ ಕೆಲಸವನ್ನು ಚೆನ್ನಾಗಿ ಮಾಡಬೇಕು, ಒಂದರ ಫಲ ಇನ್ನೊಂದಕ್ಕೆ ಒದಗಬೇಕು ಎಂಬುದು ಯುನಿಕ್ಸನ್ನು ಕಟ್ಟಿದವರ ನಿಲುವು. ನಾವು ಬರೆದ ಆಜ್ಞೆಗಳನ್ನು ಓದಿ ನಡೆಸಿಕೊಡುವ ತಂತ್ರಾಂಶಕ್ಕೆ ಷೆಲ್ ಎಂದು ಹೆಸರು. ಇಂಥ ಆಜ್ಞೆಗಳನ್ನು ಕಡತವೊಂದರಲ್ಲಿ ಕ್ರಮವಾಗಿ ಬರೆದಿಟ್ಟರೆ ಅದೇ ಷೆಲ್ ಸ್ಕ್ರಿಪ್ಟ್.

ಪರದೆಯ ಮೇಲೆ ಕಿಟಕಿಗಳನ್ನು ಹೊಂದಿಸಿಡುವ ಐ-ತ್ರೀ ಎಂಬ ತಂತ್ರಾಂಶವನ್ನು ನೋಡೋಣ. 2009ರಲ್ಲಿ ಹೊರಬಂದ ಇದರ ಸ್ಥಿತಿಪಟ್ಟಿಗೆ ಗಡಿಯಾರವೆಂದರೇನು, ಬ್ಯಾಟರಿಯೆಂದರೇನು ಎಂಬುದೇ ತಿಳಿಯದು! ನಾವು ಸೂಚಿಸಿದ ಸ್ಕ್ರಿಪ್ಟು ಒಂದು ಸಾಲನ್ನು ಬರೆದರೆ ಅದನ್ನು ತೋರಿಸುತ್ತದೆ. ಹೊಸ ಸಾಲು ಬಂದರೆ ಹಳೆಯದನ್ನು ಅಳಿಸುತ್ತದೆ. ಅದರ ಈ ಅಜ್ಞಾನವೇ ನಮಗೆ ಅನುಕೂಲ. ಇನ್ನು ಬ್ಯಾಟರಿಯ ಲೆಕ್ಕ ದೊರೆಯುವುದೆಲ್ಲಿ? ಲಿನಕ್ಸ್ ಅದನ್ನೂ ಒಂದು ಕಡತದಂತೆ ನಮ್ಮ ಮುಂದಿಡುತ್ತದೆ. ತೆರೆದು ಓದಿದರೆ 73 ಎಂದೋ 40 ಎಂದೋ ಶೇಕಡಾ ಪ್ರಮಾಣವನ್ನು ಸೂಚಿಸುವ ಸಂಖ್ಯೆ ಮಾತ್ರ ಇರುತ್ತದೆ. ಸ್ಕ್ರಿಪ್ಟು ಆ ಸಂಖ್ಯೆಯನ್ನು ಓದಿ, ‘ಡೇಟ್’ ಆಜ್ಞೆಯಿಂದ ವೇಳೆಯನ್ನು ಪಡೆದು, ಎರಡನ್ನೂ ಒಂದೇ ಸಾಲಾಗಿ ಬರೆದು, ‘ಸ್ಲೀಪ್’ ಆಜ್ಞೆಯಂತೆ ಸ್ವಲ್ಪ ಹೊತ್ತು ವಿರಮಿಸಿ, ಮತ್ತೆ ಮೊದಲಿನಿಂದ ಆರಂಭಿಸುತ್ತದೆ. ಇಷ್ಟಕ್ಕೆ ಐದಾರು ಸಾಲುಗಳು ಸಾಕು.

ಹೊಸಬರು ಎಡವುವುದು ಈ ವಿರಾಮದ ವಿಷಯದಲ್ಲಿಯೇ. ಕೆಲವರು ಅದನ್ನು ಬರೆಯುವುದನ್ನೇ ಮರೆಯುತ್ತಾರೆ. ಆಗ ಸ್ಕ್ರಿಪ್ಟು ಬಿಡುವಿಲ್ಲದೆ ಸುತ್ತುತ್ತದೆ. ಸುತ್ತುಸುತ್ತಿಗೂ ‘ಡೇಟ್’ ಹೊಸದಾಗಿ ಆರಂಭವಾಗಬೇಕು. ಯಂತ್ರದ ಸಂಸ್ಕಾರಕಕ್ಕೆ ವಿಶ್ರಾಂತಿಯೇ ದೊರೆಯದು. ಬ್ಯಾಟರಿಯ ಸ್ಥಿತಿಯನ್ನು ತಿಳಿಸಲೆಂದು ಇಟ್ಟ ಕಾವಲುಗಾರನೇ ಬ್ಯಾಟರಿಯನ್ನು ಬರಿದುಮಾಡುತ್ತಾನೆ. ಗಂಟೆ ಮತ್ತು ನಿಮಿಷಗಳನ್ನಷ್ಟೇ ತೋರಿಸುವ ಪಟ್ಟಿಗೆ ಕ್ಷಣಕ್ಷಣವೂ ವಿಚಾರಿಸುವ ಅಗತ್ಯವಾದರೂ ಏನಿದೆ? ಇಪ್ಪತ್ತು ಮೂವತ್ತು ಸೆಕೆಂಡುಗಳಿಗೊಮ್ಮೆ ನೋಡಿದರೆ ಧಾರಾಳವಾಯಿತು. ಬ್ಯಾಟರಿಯ ಕಡತದ ಹೆಸರು ಎಲ್ಲ ಯಂತ್ರಗಳಲ್ಲಿಯೂ ಒಂದೇ ಆಗಿರುವುದಿಲ್ಲ. ಮೇಜಿನ ಮೇಲಿಡುವ ಗಣಕಗಳಲ್ಲಿ ಅದು ಸಾಮಾನ್ಯವಾಗಿ ಇರುವುದೇ ಇಲ್ಲ. ಆದುದರಿಂದ ಕಡತವಿದೆಯೇ ಎಂದು ಮೊದಲು ಪರೀಕ್ಷಿಸಿ, ಅನಂತರ ಓದುವಂತೆ ಬರೆಯಬೇಕು.

ಸಂಖ್ಯೆ 15ಕ್ಕಿಂತ ಕಡಿಮೆಯಾದಾಗ ಎಚ್ಚರಿಕೆಯ ಮಾತೊಂದು ಮೂಡುವಂತೆಯೂ ಮಾಡಬಹುದು. ಅದನ್ನು ಕನ್ನಡದಲ್ಲಿಯೇ ಬರೆಯಬಹುದಲ್ಲವೆ? ಬರೆಯಬಹುದು. ಆದರೆ ಕೆಲವು ಸರಳ ಪಟ್ಟಿಗಳು ಅಕ್ಷರಗಳನ್ನು ಒಂದೊಂದಾಗಿ ಜೋಡಿಸುವುದರಿಂದ ನಮ್ಮ ಒತ್ತಕ್ಷರಗಳು ಒಡೆದು ಬಿಡಿಬಿಡಿಯಾಗಿ ಕಾಣುತ್ತವೆ. ಐ-ತ್ರೀ ಪಟ್ಟಿಯು ಪ್ಯಾಂಗೊ ಎಂಬ ಅಕ್ಷರಜೋಡಣೆಯ ತಂತ್ರಾಂಶದ ನೆರವನ್ನು ಪಡೆಯಬಲ್ಲದು. ಅದಕ್ಕೆ ಕನ್ನಡದ ಅಕ್ಷರಶೈಲಿಯೊಂದನ್ನು ಸೂಚಿಸಿದರೆ, ‘ವಿದ್ಯುತ್ತು ತೀರುತ್ತಿದೆ’ ಎಂಬ ಸಾಲು ಒತ್ತುಗಳೊಡನೆ ಸರಿಯಾಗಿ ಮೂಡುತ್ತದೆ.